ನನ್ನ ಮುಖ ಇಷ್ಟು ಸಿಟ್ಟಿನದಾ? ತಮ್ಮ ಫೋಟೋ ತಾವೇ ತೆಗೆದುಕೊಂಡು ನೋಡಿದವರು ಯಾರಾದ್ರೂ ಇದ್ದೀರಾ

ಮಂಡ್ಯ ಕ್ಯಾಮೆರಾ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಮದುವೆ ಫೋಟೋ ತೆಗೆಯುವವನು. 22 ವರ್ಷ ಆಯ್ತು. ಫಿಲ್ಮ್ ರೋಲಿನ ಕೊನೇ ಕಾಲದಲ್ಲಿ ಶುರು ಮಾಡಿದೆ, ಒಂದು ರೋಲಿಗೆ 36 ಫೋಟೋ, ಧಾರೆ ಹೊತ್ತಿಗೆ ಸರಿಯಾಗಿ ರೋಲು ಮುಗಿದರೆ ಹುಡುಗಿ ಕಡೆಯವರ ಕೈಲಿ ಬೈಸಿಕೊಳ್ಳಬೇಕು, ಆ ಕಾಲ.

ಹೋದ ತಿಂಗಳು ಮಗಳ ಸ್ಕೂಲಿನಲ್ಲಿ ಮನೆಯವರೆಲ್ಲ ಇರುವ ಒಂದು ಫೋಟೋ ತನ್ನಿ ಅಂದರು. ಹುಡುಕಿದೆ. ನಾಲ್ಕು ಹಾರ್ಡ್ ಡಿಸ್ಕ್ ತುಂಬ ಊರಿನವರ ಮುಖ. ನನ್ನದೊಂದೂ ಇಲ್ಲ. ಒಂದು ಛತ್ರದ ಕನ್ನಡಿಯಲ್ಲಿ ಅರ್ಧ ಮುಖ ಸಿಕ್ಕಿತು, ಅದಕ್ಕೂ ಕ್ಯಾಮೆರಾ ಅಡ್ಡ. ಆಧಾರ್ ಕಾರ್ಡಿನ ಫೋಟೋ ವಿಷಯ ಬೇಡ ಬಿಡಿ.

ಸರಿ, ನಾನೇ ತೆಗೆದುಕೊಳ್ಳೋಣ ಅಂತ ಹಳೇ ಮನೆಯ ತೊಟ್ಟಿಯಲ್ಲಿ, ಅಂದರೆ ನಡುವಿನ ತೆರೆದ ಅಂಗಳದಲ್ಲಿ, ಸ್ಟ್ಯಾಂಡ್ ಹಾಕಿ, ಟೈಮರ್ 10 ಸೆಕೆಂಡಿಗೆ ಇಟ್ಟು ಕೂತೆ. ಬೇರೆಯವರಿಗೆ ದಿನಕ್ಕೆ ನೂರು ಸಲ ಹೇಳುತ್ತೇನೆ, ಗಲ್ಲ ಸ್ವಲ್ಪ ಕೆಳಗೆ, ಉಸಿರು ಬಿಡಿ, ನಗಿ ಅಂತ. ನನಗೆ ಆ ಹತ್ತು ಸೆಕೆಂಡ್ ಉಸಿರು ಬಿಡೋಕೇ ಆಗಲಿಲ್ಲ. ಇಪ್ಪತ್ತು ಫೋಟೋ ತೆಗೆದೆ, ಇಪ್ಪತ್ತರಲ್ಲೂ ಒಂದೇ ನಗು. ಯಾವ ನಗು ಗೊತ್ತಾ? ಆಲ್ಬಮ್ ಕೊಟ್ಟು ಬ್ಯಾಲೆನ್ಸ್ ದುಡ್ಡು ಕೇಳಲು ಹೋದಾಗ ನಗುತ್ತೇನಲ್ಲ, ಅದು.

ಆಮೇಲೆ ಇನ್ನೊಂದು ಮಾಡಿದೆ. ಕ್ಯಾಮೆರಾದಲ್ಲಿ ಇಂಟರ್ವಲ್ ಅಂತ ಇರುತ್ತದೆ, ಇಷ್ಟು ಸೆಕೆಂಡಿಗೆ ಒಂದು ಅಂತ ಹೇಳಿಬಿಟ್ಟರೆ ತಾನೇ ತೆಗೆಯುತ್ತಾ ಹೋಗುತ್ತದೆ. 30 ಸೆಕೆಂಡಿಗೆ ಒಂದು ಅಂತ ಇಟ್ಟು 45 ನಿಮಿಷ ಅವರೆಕಾಯಿ ಸುಲಿಯುತ್ತಾ ಕೂತೆ. 90 ಫೋಟೋ ಆಯ್ತು. ಮೊದಲ ಹತ್ತು ಹದಿನೈದರಲ್ಲಿ ಅದೇ ಬ್ಯಾಲೆನ್ಸ್ ನಗು. ಅಲ್ಲಿಂದ ಮುಂದೆ ಕ್ಯಾಮೆರಾ ಮರೆತೇ ಹೋಗಿದೆ, ಬೇರೆ ಯಾರೋ ಬಂದು ಕೂತಿದ್ದಾನೆ. ಹುಬ್ಬು ಗಂಟು. ತುಟಿ ಬಿಗಿ. ಅವರೆಕಾಯಿ ಏನೋ ನನ್ನ ಹತ್ತಿರ ಸಾಲ ತಗೊಂಡು ಓಡಿಹೋಗಿತ್ತು ಅನ್ನೋ ಹಾಗೆ ಅದನ್ನ ನೋಡ್ತಿದ್ದೀನಿ. ಎಣಿಸಿದೆ, 90ರಲ್ಲಿ 71 ಹಾಗೆ.

ಮಗಳು ಯಾವಾಗಲೂ ಕೇಳುತ್ತಾಳೆ, ಯಾಕಪ್ಪಾ ಸಿಟ್ಟು ಅಂತ. ನಾನೆಲ್ಲಿ ಸಿಟ್ಟಾಗಿದೀನಿ ಅಂತ ಸಿಟ್ಟಿನಲ್ಲೇ ಹೇಳಿ ಕಳಿಸುತ್ತೇನೆ. ಅವತ್ತು ನಿಜವಾಗಿಯೂ ನನಗೆ ಸಿಟ್ಟು ಇರಲಿಲ್ಲ. ಆದರೆ ಫೋಟೋದಲ್ಲಿ ಇದೆ. ಯಾವುದನ್ನ ನಂಬಬೇಕು? ಹೀಗೆ ತಮ್ಮನ್ನು ತಾವೇ ನೋಡಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಕಬ್ಬಿನಗದ್ದೆ (ರಾತ್ರಿ 10:05)

ಅಣ್ಣೋ, ಅದಕ್ಕೆ ಸೆಲ್ಫಿ ಅಂತಾರೆ. 2013ರಲ್ಲೇ ಆಕ್ಸ್‌ಫರ್ಡ್ ನಿಘಂಟಿನವರು ಅದನ್ನ ವರ್ಷದ ಪದ ಅಂತ ಮಾಡಿದಾರೆ. ನಮ್ಮೂರ ಹೈಕ್ಳು ನಾಲೆ ಏರಿ ಮೇಲೆ ನಿಂತು ದಿನಕ್ಕೆ ನೂರು ತೆಗೀತಾರೆ. ಯಾರಿಗೂ ಜ್ಞಾನೋದಯ ಆಗಿದ್ದು ನಾನಂತೂ ನೋಡಿಲ್ಲ.

ಮಂಡ್ಯ ಕ್ಯಾಮೆರಾ (ರಾತ್ರಿ 10:12)

ನಿಜ ಕಣಪ್ಪ. ಆದರೆ ಅವರು ನೂರು ತೆಗೆದು ಚೆನ್ನಾಗಿರೋ ಒಂದನ್ನ ಇಟ್ಟುಕೊಳ್ಳುತ್ತಾರೆ, 99 ಅಳಿಸುತ್ತಾರೆ. ನಾನು ಆ 99 ನೋಡ್ತಾ ಕೂತಿದ್ದೇನೆ. ವ್ಯತ್ಯಾಸ ಇಷ್ಟೇ.

ಕಾವಾ ಹಿಂದಿನ ಬೆಂಚು (ರಾತ್ರಿ 10:50)

ಸರ್, ನಾನು ಮೈಸೂರಿನ ಕಾವಾ ಅನ್ನೋ ಕಲಾ ಕಾಲೇಜಿನಲ್ಲಿ ಫೋಟೋಗ್ರಫಿ ಓದುತ್ತಿದ್ದೇನೆ. ಸೆಲ್ಫಿ ಅಂತ ತಳ್ಳಿಹಾಕಬೇಡಿ ಕಬ್ಬಿನಗದ್ದೆ ಅಣ್ಣ, ಇದು ಕ್ಯಾಮೆರಾದಷ್ಟೇ ಹಳೆಯದು. 1839ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಅನ್ನೋ ದೀಪದ ಅಂಗಡಿಯವರು ಅಂಗಡಿ ಹಿಂದಿನ ಅಂಗಳದಲ್ಲಿ ಕ್ಯಾಮೆರಾ ಇಟ್ಟು, ಎದುರಿಗೆ ತಾವೇ ನಿಂತು ತೆಗೆದುಕೊಂಡ ಫೋಟೋ ಇದೆ. ಮನುಷ್ಯರ ಫೋಟೋಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರಿದ್ದು. ಕೂದಲು ಕೆದರಿದೆ, ಕೈ ಕಟ್ಟಿಕೊಂಡಿದ್ದಾರೆ, ಚೌಕಟ್ಟಿನ ಮಧ್ಯದಲ್ಲಿ ಇಲ್ಲ, ಒಂದು ಪಕ್ಕಕ್ಕೆ ಸರಿದಿದ್ದಾರೆ. ಆ ಕಡೆಯಿಂದ ನೋಡಿ ಸರಿಮಾಡೋಕೆ ಯಾರೂ ಇಲ್ಲ ಅಲ್ವಾ! ಮರುವರ್ಷ ಫ್ರಾನ್ಸಿನ ಬಯಾರ್ ಅನ್ನುವವರು ನೀರಿಗೆ ಬಿದ್ದು ಸತ್ತವನ ಹಾಗೆ ಕೂತು ತಮ್ಮದೇ ಫೋಟೋ ತೆಗೆದರು. ಅವರೂ ಫೋಟೋ ಮೂಡಿಸುವ ಒಂದು ದಾರಿ ಕಂಡುಹಿಡಿದಿದ್ದರು, ಹೆಸರೆಲ್ಲ ಅದೇ ಹೊತ್ತಿಗೆ ಇನ್ನೊಂದು ದಾರಿ ಕಂಡುಹಿಡಿದ ಡಾಗೇರ್‌ಗೆ ಹೋಯಿತು, ಆ ಸಿಟ್ಟು.

ನಮ್ಮಲ್ಲೂ ಇದ್ದಾರೆ. ಜೈಪುರದ ರಾಜ ಎರಡನೇ ಸವಾಯಿ ರಾಮ್ ಸಿಂಗ್ 19ನೇ ಶತಮಾನದಲ್ಲೇ ಪೂಜೆಗೆ ಕೂತ ಹಾಗೆಲ್ಲ ತಮ್ಮ ಫೋಟೋ ತೆಗೆದುಕೊಂಡವರು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಅಂತೂ ಹರೆಯದಿಂದ ಮುದಿವಯಸ್ಸಿನ ತನಕ ಬಿಡಲಿಲ್ಲ. ಪುಸ್ತಕದ ಮುಂದೆ, ಯೋಗ ಮಾಡುತ್ತಾ, ಬರೀ ಮೈಯಲ್ಲಿ. ಅದನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಬ್ಬ ಮನುಷ್ಯ ನಿಧಾನಕ್ಕೆ ಮಾಗುವುದು ಕಾಣುತ್ತದೆ.

ನಿಮ್ಮ ಛತ್ರದ ಕನ್ನಡಿ ಓದಿ ವಿವಿಯನ್ ಮೇಯರ್ ನೆನಪಾದರು. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಅಂಗಡಿ ಗಾಜು, ಕನ್ನಡಿ, ನೆಲದ ಮೇಲಿನ ನೆರಳು, ಎಲ್ಲದರಲ್ಲೂ ತಮ್ಮನ್ನು ಹಿಡಿದಿದ್ದಾರೆ, ಯಾರಿಗೂ ತೋರಿಸಲಿಲ್ಲ. 2007ರಲ್ಲಿ ಹರಾಜಿನಲ್ಲಿ ಪೆಟ್ಟಿಗೆಗಳು ಸಿಕ್ಕಿದ ಮೇಲಷ್ಟೇ ಜಗತ್ತಿಗೆ ಗೊತ್ತಾಗಿದ್ದು, 2009ರಲ್ಲಿ ತೀರಿಕೊಂಡರು.

ಒಂದು ಪ್ರಶ್ನೆ. ತೊಟ್ಟಿ ಅಂದರೆ ಬೆಳಕು ಮೇಲಿಂದ ಬರುತ್ತದೆ. ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ. ಎಂಥವರೂ ಸಿಟ್ಟಿನವರ ಹಾಗೆ ಕಾಣುತ್ತಾರೆ. ನೋಡಿದ್ರಾ?

ಮಂಡ್ಯ ಕ್ಯಾಮೆರಾ (ರಾತ್ರಿ 11:02)

ಅಯ್ಯೋ ತಮ್ಮ. 22 ವರ್ಷ ಬೇರೆಯವರ ಮುಖಕ್ಕೆ ಲೈಟು ಹಿಡಿದೆ, ಮಧ್ಯಾಹ್ನದ ಬಿಸಿಲಲ್ಲಿ ಮದುಮಗಳನ್ನ ನಿಲ್ಲಿಸಬೇಡಿ ಅಂತ ಜಗಳ ಆಡಿದೆ. ನನ್ನ ಮುಖಕ್ಕೆ ಬಂದಾಗ ಹೊಳೆಯಲೇ ಇಲ್ಲ.

ಒಂಟಿಕೊಪ್ಪಲು ಮೇಷ್ಟ್ರು (ಸೋಮವಾರ, ಬೆಳಿಗ್ಗೆ 6:15)

ಜಗನ್ಮೋಹನ ಅರಮನೆಯಲ್ಲಿ ಹಳದಣಕರ್ ಅವರ ದೀಪ ಹಿಡಿದ ಹುಡುಗಿಯ ಚಿತ್ರ ಎಲ್ಲರೂ ನೋಡಿದ್ದೀರಿ. ಅಲ್ಲಿ ಬೆಳಕು ಕೆಳಗಿಂದ, ಕೈಯಲ್ಲಿರುವ ದೀಪದಿಂದ ಬರುತ್ತದೆ. ಅದಕ್ಕೇ ಆ ಮುಖದಲ್ಲಿ ಆ ಶಾಂತಿ. ಅದೇ ಹುಡುಗಿಯನ್ನು ತೊಟ್ಟಿಯಲ್ಲಿ ಕೂರಿಸಿ ಅವರೆಕಾಯಿ ಕೊಟ್ಟಿದ್ದರೆ ಏನಾಗುತ್ತಿತ್ತೋ.

ಇನ್ನೊಂದು ಮಾತು, ಕನ್ನಡ ಮೇಷ್ಟ್ರ ಚಾಳಿ. ಪೋರ್ಟ್ರೇಟ್‌ಗೆ ಭಾವಚಿತ್ರ ಅನ್ನುತ್ತೇವೆ. ತನ್ನದೇ ಆದರೆ ಸ್ವಭಾವಚಿತ್ರ. ಈಗ ಆ ಪದವನ್ನು ಬೇರೆ ಕಡೆ ಬಿಡಿಸಿ ಓದಿ. ಸ್ವಭಾವದ ಚಿತ್ರ! ನಿಮ್ಮ ಪ್ರಶ್ನೆ ಈ ಎರಡರ ನಡುವಿನದು. ಬೇಲೂರಿನ ದರ್ಪಣ ಸುಂದರಿಯ ಬಗ್ಗೆಯೂ ಬರೆಯೋಣ ಅನ್ನಿಸಿತು, ಎಲ್ಲರೂ ಬರೆಯುತ್ತಾರೆ, ಬಿಟ್ಟೆ.

ಕಾವಾ ಹಿಂದಿನ ಬೆಂಚು (ಬೆಳಿಗ್ಗೆ 8:30)

ಮೇಷ್ಟ್ರೇ, ಸೂಪರ್. ಸರ್, ಹಾಗಾದರೆ ಕೆಳಗಿಂದ ಬೆಳಕು ಕೊಡಿ. ಲೈಟ್ ಬೇಡ, ತೊಡೆ ಮೇಲೆ ಒಂದು ಬಿಳಿ ಪಂಚೆ ಹಾಸಿಕೊಂಡು ಅದರ ಮೇಲೆ ಅವರೆಕಾಯಿ ಸುಲಿಯಿರಿ. ಮೇಲಿನ ಬೆಳಕು ಪಂಚೆಗೆ ಬಡಿದು ಮುಖಕ್ಕೆ ವಾಪಸ್ ಬರುತ್ತದೆ. ರಿಫ್ಲೆಕ್ಟರ್ ಕಾಸು ಉಳೀತು.

ಸರಸ್ವತಿಪುರಂ (ಸೋಮವಾರ, ಮಧ್ಯಾಹ್ನ 2:20)

ನಾನು ಬರೆಯಬೇಕೋ ಬೇಡವೋ ಅಂತ ಬೆಳಿಗ್ಗೆಯಿಂದ ಯೋಚನೆ. ಬರೆದುಬಿಡುತ್ತೇನೆ.

ನನಗೆ 34. ಎಡಗೆನ್ನೆಯ ಕೆಳಗೆ, ಗಲ್ಲದ ಹತ್ತಿರ ತೊನ್ನು ಇದೆ, ಹನ್ನೆರಡನೇ ವಯಸ್ಸಿನಿಂದ. ಗ್ರೂಪ್ ಫೋಟೋ ಅಂದರೆ ಎಲ್ಲಿ ನಿಲ್ಲಬೇಕು ಅಂತ ನನಗೆ ನಿದ್ದೆಯಲ್ಲೂ ಗೊತ್ತು. ಗುಂಪಿನ ಬಲಗಡೆ ತುದಿ, ಮುಖ ಸ್ವಲ್ಪ ಒಳಗೆ ತಿರುಗಿಸಿ. ಯಾರೂ ಹೇಳಿಕೊಟ್ಟಿದ್ದಲ್ಲ. ಮನೆಯಲ್ಲಿರುವ ಅಷ್ಟೂ ಆಲ್ಬಮ್‌ಗಳಲ್ಲಿ ನನಗೆ ಬಲಗೆನ್ನೆ ಮಾತ್ರ ಇದೆ.

ಹೋದ ಶ್ರಾವಣದಲ್ಲಿ ಮನೆಯಲ್ಲಿ ಯಾರೂ ಇಲ್ಲದಾಗ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಎಡಗಡೆ ತೆಗೆದೆ. ನೋಡಿದಾಗ ಎದೆ ಧಸಕ್ ಅಂತು, ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ. ಮಚ್ಚೆ ಜಾಗ ಬದಲಾಯಿಸಿತ್ತು! ಕನ್ನಡಿಯಲ್ಲಿ ಯಾವ ಪಕ್ಕದಲ್ಲಿ ನೋಡಿ ಅಭ್ಯಾಸವೋ ಅದರ ಉಲ್ಟಾ ಪಕ್ಕಕ್ಕೆ ಬಂದಿತ್ತು. ಯಾವಳದೋ ಮಚ್ಚೆ ಅನ್ನಿಸಿತು. ಬೇರೆಯವಳದು ಅನ್ನಿಸಿದ ಮೇಲೆ ಧೈರ್ಯವಾಗಿ ನೋಡೋಕೆ ಆಯ್ತು, ವಿಚಿತ್ರ ಅಲ್ವಾ. ನನ್ನ ತಲೆಯೊಳಗೆ ಅದು ಕಿವಿ ಮುಟ್ಟಿತ್ತು. ಫೋಟೋದಲ್ಲಿ ಕಿವಿಗಿಂತ ಎರಡು ಬೆರಳು ಈಚೆಗೇ ನಿಂತಿದೆ. ಬೆರಳಿಟ್ಟು ಅಳೆದೆ, ಮತ್ತೆ ಅಳೆದೆ. ಇಪ್ಪತ್ತೆರಡು ವರ್ಷ ಆ ಎರಡು ಬೆರಳಿನಷ್ಟು ಜಾಗಕ್ಕೂ ಸೇರಿಸಿ ಸೆರಗು ಎಳೆದುಕೊಂಡಿದ್ದೇನೆ.

ಈಗ ತಿಂಗಳಿಗೊಂದು ತೆಗೆಯುತ್ತೇನೆ. ಯಾರಿಗೂ ತೋರಿಸಿಲ್ಲ. ತೋರಿಸುವ ಆಸೆಯೂ ಇಲ್ಲ.

ಕಬ್ಬಿನಗದ್ದೆ (ಮಧ್ಯಾಹ್ನ 2:41)

ಅಕ್ಕ, ಮೇಲೆ ತಮಾಷೆ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.

ಸರಸ್ವತಿಪುರಂ (ಮಧ್ಯಾಹ್ನ 2:44)

ಇಲ್ಲ ಬಿಡಿ, ನಕ್ಕಿದ್ದೇನೆ.

ನಿಧಾನ (ಸೋಮವಾರ, ಸಂಜೆ 7:10)

ನಾನು ಮೈಸೂರಿನಲ್ಲಿ ಆಪ್ತ ಸಮಾಲೋಚಕಿ. ಸರಸ್ವತಿಪುರಂ ಅವರೇ, ಕನ್ನಡಿ ವಿಷಯಕ್ಕೆ ಒಂದು ಹಳೇ ಅಧ್ಯಯನ ಇದೆ. 1977ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಒಬ್ಬರ ಫೋಟೋವನ್ನು ಎರಡು ರೀತಿ ಪ್ರಿಂಟ್ ಹಾಕಿಸಿದರು, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ಮಾಡಿ. ಅವರಿಗೆ ಕನ್ನಡಿಯದು ಜಾಸ್ತಿ ಇಷ್ಟವಾಯಿತು, ಅವರ ಗೆಳತಿಯರಿಗೆ ಇದ್ದ ಹಾಗಿರುವುದೇ ಇಷ್ಟವಾಯಿತು. ನೋಡಿ ನೋಡಿ ಅಭ್ಯಾಸವಾದದ್ದು ನಮಗೆ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಫೋಟೋದಲ್ಲಿ ನಾನು ಚೆನ್ನಾಗಿ ಬರೋದಿಲ್ಲ ಅನ್ನುವವರಲ್ಲಿ ಅರ್ಧ ಜನರ ಕಥೆ ಇದೇ ಅಂತ ನನ್ನ ಅಂದಾಜು.

ತಮ್ಮ ಫೋಟೋ ಮೂಲಕ ಮನಸ್ಸಿನ ಕೆಲಸ ಮಾಡಿದವರಲ್ಲಿ ನನಗೆ ಮೊದಲು ನೆನಪಾಗುವುದು ಬ್ರಿಟನ್ನಿನ ಜೋ ಸ್ಪೆನ್ಸ್. 1982ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್‌ಗೆ ಮುಂಚೆ, ಎದೆಯ ಮೇಲೆ ಇದು ಜೋ ಸ್ಪೆನ್ಸ್‌ಳ ಆಸ್ತಿಯೇ ಅಂತ ಬರೆದು ಪ್ರಶ್ನೆ ಚಿಹ್ನೆ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಆಸ್ಪತ್ರೆಗೂ ಕ್ಯಾಮೆರಾ ಒಯ್ದರು. ಆಮೇಲೆ ರೋಸಿ ಮಾರ್ಟಿನ್ ಅನ್ನುವ ಗೆಳತಿಯ ಜೊತೆ ಸೇರಿ ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿದರು.

ಆದರೆ ಎಲ್ಲರಿಗೂ ಆಗಿಬರುವುದಿಲ್ಲ. ಮೂಗು, ತೂಕ, ಕೂದಲು ಹೀಗೆ ಯಾವುದೋ ಒಂದೇ ಸಂಗತಿಯನ್ನು ದಿನಕ್ಕೆ ಗಂಟೆಗಟ್ಟಲೆ ಕನ್ನಡಿಯಲ್ಲಿ ನೋಡಿಕೊಂಡು ಕೊರಗುವವರು, ಊಟ ಬಿಡುವವರು ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಅವರಿಗೆ ಫೋಟೋ ಇನ್ನೊಂದು ಕನ್ನಡಿ ಆಗುತ್ತದೆ. ಮೊದಲು ಯಾರ ಹತ್ತಿರವಾದರೂ ಕೂತು ಮಾತಾಡಿ. ಉಳಿದವರಿಗೂ ಹೇಳುತ್ತೇನೆ, ತೆಗೆದ ದಿನವೇ ನೋಡಬೇಡಿ. ಒಂದು ವಾರ ಬಿಡಿ. ಅವತ್ತಿನ ಮನಸ್ಸು ಆರಿದ ಮೇಲೆ ನೋಡಿದರೆ ಪಕ್ಕದ ಮನೆಯವರ ಫೋಟೋ ನೋಡಿದಷ್ಟು ಸಲೀಸು. ದೊಡ್ಡದು ಮಾಡಿ ಮಾಡಿ ನೋಡಬೇಡಿ. ಫೋನಿನ ಫೋಟೋ ತಾನಾಗಿ ಮನೆಯವರ ಟ್ಯಾಬಿಗೆಲ್ಲ ಹೋಗುತ್ತಾ ಅಂತ ಮೊದಲು ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ, ಇದರಲ್ಲಿ ಆದ ಫಜೀತಿಗಳನ್ನು ನಾನು ಕೇಳಿದ್ದೇನೆ.

ಚಾಳೀಸು (ಸೋಮವಾರ, ರಾತ್ರಿ 8:55)

ಮಂಡ್ಯ ಕ್ಯಾಮೆರಾ ಸರ್, ನಿಮ್ಮ ವಯಸ್ಸೆಷ್ಟು? ನನ್ನದು ಕನ್ನಡಕದ ಅಂಗಡಿ. ಮನಸ್ಸು, ಸ್ವಭಾವ ಎಲ್ಲ ಇರಲಿ. ಅವರೆಕಾಯಿ ನೋಡುವಾಗ ಹುಬ್ಬು ಗಂಟು ಹಾಕುತ್ತೀರಿ ಅಂದರೆ ನನಗೆ ಬೇರೆಯೇ ಅನುಮಾನ.

ಮಂಡ್ಯ ಕ್ಯಾಮೆರಾ (ರಾತ್ರಿ 9:01)

44.

ಚಾಳೀಸು (ರಾತ್ರಿ 9:02)

ಪೇಪರ್ ದೂರ ಹಿಡಿದು ಓದುತ್ತೀರಾ?

ಮಂಡ್ಯ ಕ್ಯಾಮೆರಾ (ರಾತ್ರಿ 9:10)

ಪೇಪರೇ ಬಿಟ್ಟಿದ್ದೇನೆ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದೇನೆ. ಹೆಂಡತಿ ಪಕ್ಕದಲ್ಲಿ ಕೂತು ನಗ್ತಿದ್ದಾಳೆ.

ಚಾಳೀಸು (ರಾತ್ರಿ 9:11)

ನಾಳೆ ಬೆಳಿಗ್ಗೆ ಎಲ್ಲಾದರೂ ಹೋಗಿ ಕಣ್ಣು ಟೆಸ್ಟ್ ಮಾಡಿಸಿ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಟ್ಟಿಯಾಗುತ್ತದೆ, ಹತ್ತಿರದ್ದಕ್ಕೆ ಮೊದಲಿನ ಹಾಗೆ ಬಗ್ಗುವುದಿಲ್ಲ. ಅದಕ್ಕೇ ಅಲ್ವಾ ಚಾಳೀಸು ಅನ್ನೋದು, ಹಿಂದಿಯ ನಲವತ್ತು. ಜನ ಸಿಟ್ಟು, ತಲೆನೋವು, ದೃಷ್ಟಿ ತಾಗಿದೆ ಅಂತ ಏನೇನೋ ಮಾಡಿಸಿ ಕೊನೆಗೆ ನಮ್ಮ ಹತ್ತಿರ ಬರುತ್ತಾರೆ.

ಪಾಂಡವಪುರ ಪ್ಯಾಸೆಂಜರ್ (ಮಂಗಳವಾರ, ಬೆಳಿಗ್ಗೆ 7:50)

ನನ್ನ ಹತ್ತಿರ ಬರೀ ಫೋನು. ಅದರಲ್ಲಿ ಇಂಟರ್ವಲ್ ಗಿಂಟರ್ವಲ್ ಇಲ್ಲ. ಏನು ಮಾಡೋದು?

ಕಾವಾ ಹಿಂದಿನ ಬೆಂಚು (ಬೆಳಿಗ್ಗೆ 9:15)

ಸುಮ್ನೆ ಅರ್ಧ ಗಂಟೆ ವಿಡಿಯೋ ಹಾಕಿಬಿಡಿ, ಆಮೇಲೆ ಬೇಕಾದ ಕಡೆ ನಿಲ್ಲಿಸಿ ನೋಡಿ. ಮುಂದಿನ ಕ್ಯಾಮೆರಾ ಬೇಡ, ಹಿಂದಿನದು. ಪರದೆ ನಿಮ್ಮ ಕಡೆ ಇದ್ದರೆ ನೀವು ನಿಮ್ಮನ್ನೇ ನೋಡಿ ಸರಿಮಾಡಿಕೊಳ್ಳುತ್ತಾ ಇರುತ್ತೀರಿ, ಕೆಲಸ ಕೆಟ್ಟಿತು. ಫೋನು ಒಂದೂವರೆ ಮೀಟರ್ ದೂರ ಇರಲಿ. ಕೈಯಳತೆಯಲ್ಲಿ ತೆಗೆದರೆ ಕ್ಯಾಮೆರಾಕ್ಕೆ ಹತ್ತಿರ ಇರುವ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಹೋಗುತ್ತದೆ. ಒಂದಡಿ ದೂರದಲ್ಲಿ ಮೂಗು ಸುಮಾರು 30% ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ. ಸೆಲ್ಫಿ ನೋಡಿ ಮೂಗು ಆಪರೇಷನ್ ಮಾಡಿಸಿ ಅಂತ ಬರುವವರಿಗೆ ತಿಳಿಹೇಳೋಕೆ.

ಮತ್ತೆ, ಕೈಗೆ ಏನಾದರೂ ಕೆಲಸ ಕೊಡಿ. ಸರ್ ಮಾಡಿದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಆ ಅವರೆಕಾಯಿ. ಸುಮ್ನೆ ಕೂತವರು ಪೋಸ್ ಕೊಡದೆ ಇರೋಕೆ ಆಗಲ್ಲ.

ಮಂಡ್ಯ ಕ್ಯಾಮೆರಾ (ಎರಡು ವಾರದ ಮೇಲೆ, ಭಾನುವಾರ ರಾತ್ರಿ 8:30)

ವರದಿ ಒಪ್ಪಿಸುತ್ತಿದ್ದೇನೆ.

ಚಾಳೀಸು ಸರ್ ಗೆದ್ದರು. ಎರಡೂ ಕಣ್ಣಿಗೆ +1.25. ಕನ್ನಡಕ ಹಾಕಿದ ದಿನ ಅನ್ನದಲ್ಲಿ ಜೀರಿಗೆ ಬಿಡಿ ಬಿಡಿಯಾಗಿ ಕಂಡಿತು. ಹೋದ ಭಾನುವಾರ ಅದೇ ತೊಟ್ಟಿ, ಅದೇ ಜಾಗ, ತೊಡೆ ಮೇಲೆ ಬಿಳಿ ಪಂಚೆ, ಮೂಗಿನ ಮೇಲೆ ಕನ್ನಡಕ, ಸೀಸನ್ ಇನ್ನೂ ಇದ್ದದ್ದರಿಂದ ಅವರೆಕಾಯಿ. ನಿಧಾನ ಮೇಡಂ ಹೇಳಿದ ಹಾಗೆ ಒಂದು ವಾರ ಮುಟ್ಟಲಿಲ್ಲ. ಇವತ್ತು ತೆಗೆದು ನೋಡಿದೆ.

71 ಇದ್ದದ್ದು 23ಕ್ಕೆ ಇಳಿದಿದೆ. ಅಂದರೆ ನನ್ನ ಸಿಟ್ಟಿನಲ್ಲಿ ಮೂರರಲ್ಲಿ ಎರಡು ಭಾಗ ಬೆಳಕು ಮತ್ತು ಕಣ್ಣು. ಖುಷಿಯಾಗಿ ಹೆಂಡತಿಯನ್ನ ಕರೆದು ತೋರಿಸಿದೆ. ಅವಳು ಕೇಳಿದಳು, ಈ 23 ಯಾಕೆ ಒಟ್ಟಿಗೇ ಇವೆ ಅಂತ.

ಹೌದು, ಒಂದರ ಹಿಂದೆ ಒಂದು. ಫೈಲಿನ ಟೈಮ್ ನೋಡಿದೆ, 11:12ರಿಂದ 11:23. ಫೋನಿನಲ್ಲಿ ಅವತ್ತಿನ ಕಾಲ್ ತೆಗೆದು ನೋಡಿದೆ. 11:10ಕ್ಕೆ ಒಬ್ಬರ ಕಾಲ್ ಬಂದಿದೆ. ಕಾರ್ತಿಕದಲ್ಲಿ ಮಾಡಿದ ಮದುವೆ, ಆಲ್ಬಮ್ ಕೊಟ್ಟು ಆಗಿದೆ, ಬ್ಯಾಲೆನ್ಸ್ ಮುಂದಿನ ತಿಂಗಳು ಕೊಡ್ತೀನಿ ಅಂತ ಮೂರನೇ ಸಲ ಹೇಳಿದ್ದು. ನಾನು ಪರವಾಗಿಲ್ಲ ಸರ್ ನಿಧಾನಕ್ಕೆ ಕೊಡಿ ಅಂದೆ, ನಗುತ್ತಲೇ ಅಂದೆ, ನನಗೆ ಚೆನ್ನಾಗಿ ನೆನಪಿದೆ. ಆ ನಗುವಿನ ಫೋಟೋಗಳೂ ಇವೆ. ಎರಡು ನಿಮಿಷದ ಕಾಲು. ಅದಾದ ಮೇಲೆ ಹನ್ನೊಂದು ನಿಮಿಷ ಈ ಮುಖ. ಕಾಲ್ ಕಟ್ ಮಾಡಿದ ತಕ್ಷಣ ಮರೆತೆ ಅಂತ ನಾನು ಅಂದುಕೊಂಡಿದ್ದೆ.

11:17ರ ಫೋಟೋದಲ್ಲಿ ಎಡ ಅಂಚಿನಲ್ಲಿ ಏನೋ ಕೆಂಪಗೆ ಇದೆ. ದೊಡ್ಡದು ಮಾಡಿದೆ (ಕ್ಷಮಿಸಿ ಮೇಡಂ). ಮಗಳ ಲಂಗದ ಅಂಚು, ಒಂದು ಕಾಲು. ಅದಕ್ಕೆ ಹಿಂದಿನದರಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ. ಬಂದಿದ್ದಾಳೆ, ಬಾಗಿಲ ಹತ್ತಿರ ನಿಂತಿದ್ದಾಳೆ, ಹೋಗಿದ್ದಾಳೆ. ನನಗೆ ಗೊತ್ತೇ ಇಲ್ಲ.

ಈಗ ಕರೆದು ಕೇಳಿದೆ, ಅವತ್ತು ಯಾಕೆ ಬಂದಿದ್ದೆ ಅಂತ. ನೆನಪಿಲ್ಲಪ್ಪ, ನೀನು ಸಿಟ್ಟಲ್ಲಿದ್ದೆ ಅನ್ಸುತ್ತೆ, ಆಮೇಲೆ ಕೇಳೋಣ ಅಂತ ಹೋದೆ ಅಂದಳು. ಟಿವಿ ನೋಡ್ತಾ ಹೇಳಿದಳು, ಅವಳಿಗೆ ಅದು ದೊಡ್ಡ ವಿಷಯವೇ ಅಲ್ಲ.

ಆ ಮನುಷ್ಯನಿಗೆ ನಾಳೆ ಫೋನ್ ಮಾಡಿ ಇಂಥ ದಿನ ದುಡ್ಡು ಬೇಕು ಅಂತ ನೇರ ಹೇಳುತ್ತೇನೆ. ನಗೋದಿಲ್ಲ.

ಸರಸ್ವತಿಪುರಂ (ರಾತ್ರಿ 8:52)

ಆ 11:17 ಅಳಿಸಬೇಡಿ ಸರ್.

ಮಂಡ್ಯ ಕ್ಯಾಮೆರಾ (ರಾತ್ರಿ 8:55)

ಇಲ್ಲ. ಸ್ಕೂಲಿಗೆ ಮನೆಯವರ ಫೋಟೋ ಅಂತ ಅದನ್ನೇ ಕೊಡೋಣ ಅಂತಿದ್ದೆ, ಹೆಂಡತಿ ಬೈದಳು.

ಕಬ್ಬಿನಗದ್ದೆ (ರಾತ್ರಿ 11:30)

ಅಣ್ಣ, ಒಂದು ಡೌಟು. ಪಂಪ್‌ಸೆಟ್ ಮನೆ ಗೋಡೆ ಮೇಲೆ ಫೋನ್ ಇಟ್ಟು ವಿಡಿಯೋ ಹಾಕಿದೀನಿ. ಪಂಚೆ ಇಲ್ಲ, ಲುಂಗಿ ಆಗುತ್ತಾ?

ಮಂಡ್ಯ ಕ್ಯಾಮೆರಾ (ರಾತ್ರಿ 11:34)

ಬಿಳೀದಾದರೆ ಆಗುತ್ತೆ. ನೀಲಿ ಚೌಕಳಿ ಲುಂಗಿ ಆದರೆ ಮುಖಕ್ಕೂ ನೀಲಿ ಬರುತ್ತೆ. ಅದಿರಲಿ, ರಾತ್ರಿ ಹನ್ನೊಂದೂವರೆಗೆ ಯಾವ ಬೆಳಕಪ್ಪ?

ಕಬ್ಬಿನಗದ್ದೆ (ರಾತ್ರಿ 11:36)

ತ್ರೀಫೇಸ್ ಕರೆಂಟು ಈಗ ತಾನೆ ಬಂತು ಕಣಣ್ಣ. ನೀರು ಕಟ್ಟೋಕೆ ಬಂದಿದೀನಿ.